ನುಡಿನಮನದ ಗೋಡೆಯ ಮೇಲೆ ನೀವು

ಮನೆ,
ಸೋಮವಾರ, ಹದಿನಾಲ್ಕನೆಯ ತಾರೀಕು

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮದುವೆಯಾದಂದಿನಿಂದ ಈ ಪ್ರಶ್ನೆಯನ್ನು ಅಭ್ಯಾಸಬಲದಿಂದ ಕೇಳುತ್ತಾ ಬಂದವಳು ನಾನು. ಈ ಸಲ ಮಾತ್ರ ನಿಜಕ್ಕೂ ಉತ್ತರ ಬೇಕಾಗಿದೆ. ಕೆಮ್ಮು ಇಳಿಯಿತೇ? ಮಂಡಿನೋವು ಹೇಗಿದೆ? ನಿಮ್ಮಕ್ಕ ಹೊತ್ತಿಗೆ ಸರಿಯಾಗಿ ಬಿಸಿನೀರು ಕೊಡುತ್ತಾರೆಯೇ, ಅಥವಾ ಕಿವಿ ಕೇಳದ ಅವರನ್ನು ಮಹಡಿಯಿಂದ ಕೂಗಿ ಕೂಗಿ ನೀವೇ ಗಂಟಲು ಕೆಡಿಸಿಕೊಂಡಿದ್ದೀರೋ? ಉಸಿರಾಟ ಸರಿಯಾಗಿದೆ ತಾನೇ? ಒಮ್ಮೆ ನಾಡಿ ಹಿಡಿದು ನೋಡಿಕೊಳ್ಳಿ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಾನು ಚೆನ್ನಾಗಿದ್ದೇನೆ. ನೀವು ಹೋದ ಮೇಲೆ ಉಂಡದ್ದು ಮೈಗೆ ಹತ್ತುತ್ತಿದೆ. ಮೊಬೈಲನ್ನು ನೀವು ಇಲ್ಲಿಯೇ ಕಪಾಟಿನಲ್ಲಿಟ್ಟು ಹೋದದ್ದರಿಂದ ಕಾಗದ ಬರೆಯಬೇಕಾಗಿದೆ. ಕಾದಂಬರಿ ಮುಗಿಯುವವರೆಗೆ ಫೋನೂ ಬೇಡ, ಪೇಪರೂ ಬೇಡ ಎಂದು ನಿಮ್ಮಕ್ಕನ ಮನೆಯ ಮಹಡಿ ಹತ್ತಿದವರು ನೀವು. ಹೆಂಡತಿಯೂ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅದನ್ನು ನಾನೇ ಅರ್ಥ ಮಾಡಿಕೊಂಡೆ.

ಸುದ್ದಿ ಏನೆಂದರೆ, ನಾನು ಸಾಹಿತ್ಯೋತ್ಸವಕ್ಕೆ ಹೋಗಿದ್ದೆ. ಹೌದು, ನೀವು ಮೂಗು ಮುರಿಯುವ ಅದೇ ಉತ್ಸವ. ನಾನು ಕೌಂಟರಿನಲ್ಲಿ ಕೂರುವ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರಿಗೆ ಯಾರೋ ಪಾಸು ಕೊಟ್ಟಿದ್ದರು. ಅವರಿಗೆ ಪುಸ್ತಕವೆಂದರೆ ನಿದ್ದೆ. ‘ನಿಮ್ ಯಜಮಾನ್ರು ಬರೀತಾರಲ್ವಾ, ನೀವೇ ಹೋಗ್ಬನ್ನಿ’ ಎಂದು ಪಾಸನ್ನು ನನ್ನ ಕೈಗಿಟ್ಟರು. ಹೋಗಲೋ ಬೇಡವೋ ಎಂದು ಒಂದು ದಿನ ಒದ್ದಾಡಿದೆ. ನಿಮ್ಮ ಮಾತು ಕಿವಿಯಲ್ಲೇ ಇತ್ತು: ‘ಬರಹಗಾರನಿಗೆ ಬೇಕಾಗಿರೋದು ಒಂದು ಮೇಜು, ಒಂದು ಕಿಟಕಿ. ಮೈಕ್ ಮುಂದೆ ಕುಣಿಯೋದು ಕೋಡಂಗಿ ಕೆಲಸ.’ ಪ್ರತಿ ವರ್ಷ ಆಮಂತ್ರಣ ಬಂದಾಗ ನೀವು ಉತ್ತರ ಬರೆಯುತ್ತಿರಲಿಲ್ಲ. ಅದನ್ನು ಮಡಚಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ತುರುಕುತ್ತಿದ್ದಿರಿ. ತುರುಕಿ ತುರುಕಿ ಆ ಮೇಜು ಈಗ ಇನ್ನೊಂದು ಕಡೆಗೆ ವಾಲಿದೆ. ಇರಲಿ, ಕೊನೆಗೆ ಹೋದೆ. ಇಷ್ಟು ವರ್ಷ ಯಾವುದಕ್ಕೆ ತಲೆಯಾಡಿಸುತ್ತಾ ಬಂದೆ ಎಂದು ನೋಡುವ ಆಸೆ ನನಗೂ ಇತ್ತು.

ಮೊದಲ ದಿನ ನಾನು ಕಂಡದ್ದನ್ನು ಹೇಳುತ್ತೇನೆ, ಸಿಟ್ಟಾಗದೆ ಓದಿ. ಒಬ್ಬ ಹುಡುಗಿ, ಮೊದಲ ಪುಸ್ತಕದವಳು, ತನ್ನ ಕಥೆ ಓದಿದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಜನ ಬ್ಯಾಗು ತಡಕಾಡತೊಡಗಿದರು, ಒಬ್ಬರು ಆಕಳಿಸಿದರು. ಅವಳು ಅದನ್ನು ನೋಡಿದಳು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಅದೇ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಲ್ಲಿ ಪರಪರನೆ ಗೀಚಿ ಹಾಕುತ್ತಿದ್ದಳು. ಸಂಜೆ ಇನ್ನೊಂದು ಕೋಣೆಯಲ್ಲಿ ಮತ್ತೆ ಓದಿದಾಗ ಅದೇ ಜಾಗದಲ್ಲಿ ಜನ ನಕ್ಕರು. ಒಂದೇ ದಿನದ ಕೆಲಸ! ನೀವು ನಿಮ್ಮ ಕಾದಂಬರಿಯನ್ನು ಭಾನುವಾರ ಭಾನುವಾರ ನನಗೊಬ್ಬಳಿಗೇ ಓದುತ್ತಿದ್ದಿರಿ, ನಾನು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ. ಓದು ನಿಂತ ಸದ್ದಿಗೆ ಎಚ್ಚರವಾಗಿ ‘ತುಂಬಾ ಆಳವಾಗಿದೆ ರೀ’ ಎನ್ನುತ್ತಿದ್ದೆ. ನೀವು ಅದನ್ನು ನಂಬಿ ಇನ್ನೂ ಆಳಕ್ಕೆ ಇಳಿದಿರಿ. ನಿಮ್ಮ ನಾಯಕ ಕಿಟಕಿಯ ಹತ್ತಿರ ನಿಂತು ಎಷ್ಟು ಅಧ್ಯಾಯವಾಯಿತು? ನಾನಾಗಿದ್ದರೆ ಅವನಿಗೊಂದು ಕುರ್ಚಿಯನ್ನಾದರೂ ಕೊಡುತ್ತಿದ್ದೆ.

ಚಹಾದ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಕಾದಂಬರಿಕಾರರು ನಿಂತಿದ್ದರು, ಇಬ್ಬರಿಗೂ ನಿಮ್ಮದೇ ವಯಸ್ಸು. ಒಬ್ಬರು ‘ಎರಡು ವರ್ಷದಿಂದ ಒಂದು ಸಾಲೂ ಬರ್ತಿಲ್ಲ ಮಾರಾಯಾ’ ಎಂದರು. ಇನ್ನೊಬ್ಬರು ‘ನಂಗೂ ಹಂಗೇ ಆಗಿತ್ತು’ ಎಂದು ಅವರ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದರು. ಸಂಜೆಯವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಮಾತಾಡುತ್ತಲೇ ಇದ್ದರು. ಅದನ್ನು ನೋಡಿ ನನಗೆ ಅಳು ಬಂತು, ಸುಳ್ಳಲ್ಲ. ಅಷ್ಟು ವರ್ಷ ನೀವು ಊಟದ ತಟ್ಟೆಯನ್ನು ತಳ್ಳಿದ್ದು, ಬಾಗಿಲು ಬಡಿದದ್ದು, ‘ನಿಂಗೇನ್ ಗೊತ್ತಾಗತ್ತೆ, ಹಲ್ಲು ಎಣಿಸೋಳಿಗೆ’ ಎಂದದ್ದು, ಇದೆಲ್ಲ ಮಾತಾಡಲು ಒಬ್ಬ ಜೊತೆಗಾರ ಇಲ್ಲದ ಕಾಯಿಲೆಯಾಗಿತ್ತೇ? ಔಷಧಿ ಎರಡು ಬಸ್ಸುಗಳಷ್ಟೇ ದೂರದಲ್ಲಿತ್ತು. ಅದನ್ನು ಕುಡಿಯುವುದು ನಿಮ್ಮ ಗೌರವಕ್ಕೆ ಕಡಿಮೆ, ಹಾಗಾಗಿ ನಿಮ್ಮ ಕಾಯಿಲೆಯನ್ನು ನಾನು ಅನುಭವಿಸಿದೆ.

ಎರಡನೆಯ ದಿನ ಬೆಳಗ್ಗೆ ದೊಡ್ಡ ಸಭಾಂಗಣದ ಹೊರಗೆ ಒಂದು ಗೋಡೆ ಕಂಡಿತು. ‘ನುಡಿನಮನ’ ಎಂದು ಬರೆದು, ಹಿಂದಿನ ಉತ್ಸವದ ನಂತರ ತೀರಿಕೊಂಡ ಬರಹಗಾರರ ಫೋಟೋಗಳನ್ನು ತೂಗುಹಾಕಿದ್ದರು. ಎರಡನೆಯ ಸಾಲಿನಲ್ಲಿ, ಒಬ್ಬ ನಾಟಕಕಾರರಿಗೂ ಒಬ್ಬ ಅನುವಾದಕಿಗೂ ನಡುವೆ, ನೀವಿದ್ದಿರಿ. ನಿಮ್ಮ ಮೊದಲ ಪುಸ್ತಕದ ಹಿಂಬದಿಯ ಫೋಟೋ, ಗಲ್ಲಕ್ಕೆ ಕೈ ಕೊಟ್ಟದ್ದು. ಆ ಅಂಗಿಗೆ ಇಸ್ತ್ರಿ ಹಾಕಿದವಳು ನಾನೇ. ಕಿವಿ ಕೇಳದ ನಿಮ್ಮಕ್ಕನಿಗೆ ನನಗೆ ಫೋನು ಮಾಡಿ ತಿಳಿಸಲಾಗದೆ, ಇವರಿಗೆ ಹೇಗೋ ಸುದ್ದಿ ಮುಟ್ಟಿತೇ ಎಂದು ಒಂದು ಕ್ಷಣ ನಂಬಿಯೇಬಿಟ್ಟೆ. ಆಮೇಲೆ ನೆನಪಾಯಿತು, ಹೋದ ವಾರವಷ್ಟೇ ನಿಮ್ಮ ಚೀಟಿ ಬಂದಿತ್ತು, ಉಣ್ಣೆಯ ಕಾಲುಚೀಲ ಕಳಿಸು ಎಂದು. ಸತ್ತವರು ಕಾಲುಚೀಲ ಕೇಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಾರ್ಯದರ್ಶಿಯನ್ನು ಹುಡುಕಿ ‘ನಾನು ಅವರ ಹೆಂಡತಿ’ ಎಂದೆ. ಇನ್ನೊಂದು ಮಾತಿಗೆ ಬಾಯಿ ತೆರೆಯುವ ಮೊದಲೇ ಅವರು ಕೈಮುಗಿದು, ‘ಅಮ್ಮಾ, ನಮ್ಗೆ ತಡವಾಗಿ ತಿಳೀತು, ಕ್ಷಮಿಸ್ಬೇಕು’ ಎಂದರು. ಹೇಗೆ ತಿಳಿಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಜೋಡಿಸಿಕೊಂಡರೆ ನಡೆದದ್ದು ಇಷ್ಟು. ಈ ವರ್ಷ ಫೋನು ಮಾಡಿದರು, ಕಪಾಟಿನೊಳಗಿನ ಮೊಬೈಲು ಆಫ್ ಆಗಿತ್ತು. ಕಾಗದ ಬರೆದರು, ಎಂದಿನಂತೆ ಉತ್ತರವಿಲ್ಲ. ಸಮಿತಿಯ ಸಭೆಯಲ್ಲಿ ಒಬ್ಬರು ‘ಅವ್ರು ಈಗ ಇದ್ದಾರಾ?’ ಎಂದರಂತೆ. ಇನ್ನೊಬ್ಬರು ‘ಹೋದ್ರು ಅಂತ ಕೇಳಿದ ಹಾಗಿತ್ತು’ ಎಂದರಂತೆ. ಮೂರನೆಯವರು ಪೇಪರಿನಲ್ಲಿ ಓದಿದ ನೆನಪು ಎಂದರಂತೆ. ಅಲ್ಲಿದ್ದ ಯಾರ ಬಾಯಿಂದಲೂ ‘ನಂಗೊತ್ತಿಲ್ಲ’ ಎನ್ನುವ ಮಾತು ಹೊರಡಲಿಲ್ಲ, ಓದಿಕೊಂಡವರಲ್ಲವೇ. ಹೀಗೆ ಅಂತೆಕಂತೆಗಳಲ್ಲೇ ನಿಮ್ಮನ್ನು ಸಾಯಿಸಿ, ಮುಂದಿನ ವಿಷಯಕ್ಕೆ ಹೋಗಿದ್ದಾರೆ. ವರ್ಷಕ್ಕೊಮ್ಮೆ ಬಂದು ಒಂದು ಲೋಟ ಚಹಾ ಕುಡಿದು ಹೋಗಿದ್ದರೂ ಈ ಸಾವು ತಪ್ಪುತ್ತಿತ್ತು. ಬರಹಗಾರ ಉತ್ಸವಕ್ಕೆ ಹೋದರೆ ಏನು ಲಾಭ ಎಂದು ಕೇಳುತ್ತಿದ್ದಿರಲ್ಲ, ಇದು ಮೊದಲನೆಯ ಲಾಭ.

‘ಅವರು ಬದುಕಿದ್ದಾರೆ’ ಎಂದು ಹೇಳಲು ನಾಲಿಗೆ ಹೊರಳಿತ್ತು, ನಿಮ್ಮಾಣೆ. ಅಷ್ಟರಲ್ಲಿ ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿದರು. ವೇದಿಕೆಗೆ ಬಂದವರು ಯಾರು ಗೊತ್ತೇ? ಗಡ್ಡದ ವಿಮರ್ಶಕರು. ನಿಮ್ಮ ಮೊದಲ ಪುಸ್ತಕದ ಬಗ್ಗೆ ನಾಲ್ಕೇ ಸಾಲು ಬರೆದು, ನಾಲ್ಕನೆಯದರಲ್ಲಿ ಕಾಗದ ದುಬಾರಿಯಾಗಿದೆ ಎಂದವರು. ಅವರ ಕಣ್ಣಲ್ಲಿ ನೀರು. ನಿಮ್ಮ ಕೊನೆಯ ದಿನಗಳಲ್ಲಿ ಮನೆಗೆ ಬಂದಿದ್ದರಂತೆ. ನೀವು ಅವರ ಕೈ ಹಿಡಿದು ‘ನೀನೊಬ್ಬನೇ ನನ್ನ ಅರ್ಥ ಮಾಡ್ಕೊಂಡವ್ನು’ ಎಂದಿರಂತೆ. ಅಲ್ಲಿಗೆ ಅವರ ಕಣ್ಣು ಮುಂದಿನ ಸಾಲಿನ ನನ್ನ ಮೇಲೆ ಬಿತ್ತು, ಯಾರೋ ಕಿವಿಯಲ್ಲಿ ನಾನು ಯಾರೆಂದು ಹೇಳಿದರು. ಮುಖ ಸುಣ್ಣ ಬಳಿದ ಹಾಗಾಯಿತು. ನಾನು ಸುಮ್ಮನೆ ನಕ್ಕೆ. ಅವರಿಗೆ ಹೋದ ಜೀವ ಬಂದಂತಾಗಿ, ‘ಈ ತಾಯಿಯೂ ಅಲ್ಲೇ ಇದ್ರು, ನಂಗೆ ಚಹಾ ಕೊಟ್ರು’ ಎಂದು ಸೇರಿಸಿದರು. ನಾನು ತಲೆಯಾಡಿಸಿದೆ. ಮನೆಗೆ ಬಂದವರಿಗೆ ಚಹಾ ಕೊಡದಷ್ಟು ಕೆಟ್ಟವಳು ನಾನಲ್ಲ.

ಆಮೇಲೆ ಇಡೀ ಸಭೆ ನಿಮಗಾಗಿ ಎದ್ದು ನಿಂತಿತು. ಎಲ್ಲರೂ ಮೌನ. ಆ ಮೌನದಲ್ಲಿ ಬಾಯಿ ಬಿಡಬಹುದಿತ್ತು. ಆದರೆ ನಿಮ್ಮ ಸಲುವಾಗಿ ಇಷ್ಟು ಜನ ಒಟ್ಟಿಗೆ ಎದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ನೀವಿಲ್ಲದ ಆ ಮೌನ ನಮ್ಮ ಮನೆಯ ಮೌನಕ್ಕಿಂತ ಎಷ್ಟೋ ಹಗುರವಾಗಿತ್ತು. ಬಾಯಿ ಬಿಡಲಿಲ್ಲ. ನಂತರ ಮೈಕು ನನ್ನ ಕೈಗೆ ಕೊಟ್ಟರು. ನಾನು ನಿಮ್ಮ ಬಗ್ಗೆ ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆ ಎಂದರೆ ನನಗೇ ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂತು. ಜನ ಕಿವಿಗೊಟ್ಟು ಕೇಳಿದರು, ಒಬ್ಬರೂ ಮಧ್ಯದಲ್ಲಿ ‘ನಿಂಗೇನ್ ಗೊತ್ತಾಗತ್ತೆ’ ಎನ್ನಲಿಲ್ಲ. ಮೈಕಿನ ಮುಂದೆ ನಿಲ್ಲುವುದು ಕೋಡಂಗಿ ಕೆಲಸವಾದರೆ, ನನಗೆ ಅದು ಹುಟ್ಟಿನಿಂದ ಬಂದಿರಬೇಕು.

ಇಳಿದು ಬರುವಾಗ ಒಬ್ಬ ಹೆಂಗಸು ನಿಮ್ಮ ಮೊದಲ ಪುಸ್ತಕ ಹಿಡಿದು ಕಾದಿದ್ದರು, ಬೆನ್ನು ಕಿತ್ತುಹೋದ ಪ್ರತಿ. ಬ್ಯಾಂಕಿನಲ್ಲಿ ಕೆಲಸವಂತೆ, ಪ್ರತಿ ವರ್ಷ ನೀವು ಬರುತ್ತೀರೆಂದು ಅದನ್ನು ಹೊತ್ತು ತರುತ್ತಿದ್ದರಂತೆ. ಅವರದು ಒಂದೇ ಪ್ರಶ್ನೆ. ಕೊನೆಯ ಕಥೆಯಲ್ಲಿ ಗಂಡ ಪುಟಗಟ್ಟಲೆ ಮಾತಾಡುತ್ತಾನೆ, ಹೆಂಡತಿ ಪಾತ್ರೆ ತೊಳೆಯುತ್ತಿರುತ್ತಾಳೆ, ಅವಳಿಗೆ ಒಂದೇ ಒಂದು ಮಾತನ್ನಾದರೂ ಯಾಕೆ ಕೊಡಲಿಲ್ಲ? ‘ಅದನ್ನ ಅವ್ರನ್ನೇ ಕೇಳ್ಬೇಕಿತ್ತು, ಈಗ ಯಾರನ್ನ ಕೇಳ್ಲಿ’ ಎಂದು ಅತ್ತರು. ನೋಡಿ, ಒಬ್ಬ ಓದುಗಿ ನಿಮ್ಮನ್ನು ಅಷ್ಟು ವರ್ಷ ಕಾದಳು. ಅವಳ ಮುಂದೆ ಒಂದು ಸಲ ಕುಳಿತಿದ್ದರೆ ನಿಮ್ಮ ಇಡೀ ಕಾದಂಬರಿ ಬೇರೆಯಾಗುತ್ತಿತ್ತೋ ಏನೋ. ನನ್ನ ಸಂಸಾರವೂ. ನಾನು ಅವರ ಕೈ ಸವರಿ, ಆ ಹೆಂಡತಿಗೆ ಹೇಳಲು ಬೇಕಾದಷ್ಟಿತ್ತು ಎಂದು ಮಾತ್ರ ಹೇಳಿದೆ.

ಪ್ರಕಾಶಕರೂ ಬಂದಿದ್ದರು. ನಿಮ್ಮ ಕಾಗದಗಳಿಗೆ ಉತ್ತರ ಬರೆಯದವರು ಈಗ ನನಗೆ ಕುರ್ಚಿ ಎಳೆದು ಕೊಟ್ಟರು. ಮೊದಲ ಪುಸ್ತಕವನ್ನು ಮರುಮುದ್ರಣ ಮಾಡುತ್ತಾರಂತೆ, ಮುಂದಿನ ತಿಂಗಳ ಹತ್ತಕ್ಕೆ ಅದೇ ಸಭಾಂಗಣದಲ್ಲಿ ಬಿಡುಗಡೆ. ಮುನ್ನುಡಿ ಗಡ್ಡದ ವಿಮರ್ಶಕರದು, ‘ನೆನಪು’ ಎಂಬ ಭಾಗ ನನ್ನದು. ತೀರಿಹೋದ ಲೇಖಕರ ಜೊತೆ ಕೆಲಸ ಸಲೀಸು, ಕರಡಚ್ಚು ತಿದ್ದುವಾಗ ಜಗಳವಿರುವುದಿಲ್ಲ ಎಂದು ಅವರು ನಕ್ಕರು. ನಾನೂ ನಕ್ಕೆ. ಡಾಕ್ಟರಿಗೂ ವಿಷಯ ತಿಳಿದು ಒಂದು ವಾರ ರಜೆ ಕೊಟ್ಟಿದ್ದಾರೆ. ಕ್ಲಿನಿಕ್ಕಿಗೆ ಬರುವವರು ಬಾಯಿ ಊದಿಕೊಂಡಿದ್ದರೂ ಮನೆಗೇ ಬಂದು ನನಗೆ ಸಾಂತ್ವನ ಹೇಳಿ ಹೋಗುತ್ತಿದ್ದಾರೆ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಕಾಗದದ ಮೇಲೆ ಬರೆದು ತೋರಿಸಿ. ಕಾಲುಚೀಲ ಇದರ ಜೊತೆಗಿದೆ. ತಂಪು ಗಾಳಿಗೆ ತಲೆಯೊಡ್ಡಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ, ನಾನು ಕೊಡಲಾಗದ್ದನ್ನು ಅವನಾದರೂ ಕೊಡಲಿ.

ಇಂತಿ ನಿಮ್ಮವಳೇ ಆದ,
ಹಲ್ಲು ಎಣಿಸುವವಳು

ಮರೆತೆ: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಷ್ಟು ವರ್ಷ ಬರೆಯುತ್ತಿದ್ದ ಕಾದಂಬರಿ ಏನಾಯಿತು ಎಂದು ಸಭೆಯಲ್ಲಿ ಯಾರೋ ಎದ್ದು ಕೇಳಿದರು. ‘ಕೊನೆಯ ವಾರ ಅವರೇ ಸುಟ್ಟುಬಿಟ್ಟರು, ಇನ್ನೂ ಪರಿಪೂರ್ಣವಾಗಿಲ್ಲ ಎಂದರು’ ಎಂದೆ. ಜನ ಉಸಿರು ಬಿಗಿಹಿಡಿದರು, ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ನಮ್ಮ ಕಾಲದ ಅತಿ ದೊಡ್ಡ ಕಾದಂಬರಿ ಬೂದಿಯಾಯಿತು ಎಂದು ಗಡ್ಡದ ವಿಮರ್ಶಕರು ಆಗಲೇ ಬರೆದಾಗಿದೆ. ಮುಂದಿನ ವರ್ಷ ಅದರ ಮೇಲೆಯೇ ಒಂದು ಗೋಷ್ಠಿಯಂತೆ. ಹತ್ತನೆಯ ತಾರೀಕು ನೀವು ಬಂದು ‘ಬದುಕಿದ್ದೇನೆ’ ಎನ್ನಬಹುದು, ನಾನು ಅಡ್ಡಿ ಬರುವುದಿಲ್ಲ, ಸುಳ್ಳು ಹೇಳಿದವಳು ನಾನೇ ಎಂದು ಎದ್ದು ಹೇಳುತ್ತೇನೆ. ಆದರೆ ಕಾದಂಬರಿಯನ್ನೂ ತರಬೇಕು, ಅಷ್ಟು ಜನರ ಮುಂದೆ ಓದಬೇಕು. ಅದು ಹೇಗಿದೆ ಎಂದು ನನಗೆ ಗೊತ್ತು, ಈಗ ನಿಮಗೂ ಗೊತ್ತಾಗಿರಬೇಕು. ಬರುವುದಿಲ್ಲವಾದರೆ ನನ್ನ ಮಾತು ಸುಳ್ಳಾಗದ ಹಾಗೆ ನೋಡಿಕೊಳ್ಳಿ. ಬೆಂಕಿಪೊಟ್ಟಣ ನಿಮ್ಮಕ್ಕನ ಒಲೆಯ ಪಕ್ಕದ ಗೂಡಿನಲ್ಲಿರುತ್ತದೆ.