ಪಡೌಕ್ ಮರದ ಕೆಂಪು

ಪಾಲಿಶ್ ಕೋಣೆ, ನಮ್ಮ ವರ್ಕ್‌ಶಾಪು
ಮಾರ್ಚ್ ೧೪, ಶನಿವಾರ

ಮಹಾರಾಜಶ್ರೀ ಅಣ್ಣನವರ ಪಾದಗಳಿಗೆ (ತೊಳೆದಿದ್ದರೆ ಮಾತ್ರ) ತಂಗಿಯ ಸಾಷ್ಟಾಂಗ ನಮಸ್ಕಾರಗಳು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಏಳು ವಾರ ಕೂತಿದ್ದಕ್ಕೆ ಕ್ಷಮೆಯಿರಲಿ. ಕೈಯೆಲ್ಲ ಕೆಂಪಾಗಿತ್ತು, ಮುಟ್ಟಿದ ಕಾಗದವೆಲ್ಲ ಕೊಲೆ ಮೊಕದ್ದಮೆಯ ಸಾಕ್ಷಿಯಂತೆ ಕಾಣುತ್ತಿತ್ತು. “ಮನೆ ಸುದ್ದಿ ಬರಿ, ಅಪ್ಪನ ಸುದ್ದಿ ಬೇಡ” ಎಂದು ಅಪ್ಪಣೆ ಮಾಡಿದ್ದೀಯ. ಆಗಲಿ. ಈ ಪತ್ರದಲ್ಲಿ ಅಪ್ಪ ಇಲ್ಲ. ನಮ್ಮ ಮನೆಯಲ್ಲೇ ವಾಸವಿರುವ, ಅಮ್ಮನಿಗೆ ಚೆನ್ನಾಗಿ ಪರಿಚಯವಿರುವ, ಅರವತ್ತೊಂದು ವರ್ಷದ ಒಬ್ಬರು ಅಲ್ಲಲ್ಲಿ ಬಂದು ಹೋಗುತ್ತಾರೆ. ಅವರನ್ನು ‘ಸದರಿಯವರು’ ಎನ್ನುತ್ತೇನೆ. ಕಾನೂನಿನ ಪ್ರಕಾರ ನೀನು ಸಿಟ್ಟಾಗುವಂತಿಲ್ಲ.

ನೀವಿಬ್ಬರೂ ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. “ಹನ್ನೊಂದು ವರ್ಷದಿಂದ ದಿನಾ ‘ಇದೇನು ಬಣ್ಣ ಹೇಳು, ಅದೇನು ಬಣ್ಣ ಹೇಳು’ ಅಂತ ಪರೀಕ್ಷೆ! ನಾನೇನು ಬಾಲವಾಡಿ ಮಗುವಾ?” ಎಂದು ಏಪ್ರನ್ನು ಬಿಸಾಕಿ, ನೀನು ಆ ಬಾಗಿಲು ಕಾರ್ಖಾನೆ ಸೇರಿದೆ. ನಿನ್ನ ಏಪ್ರನ್ನು ಈಗ ನಾನು ಕಟ್ಟಿಕೊಳ್ಳುತ್ತೇನೆ. ಎರಡು ಸುತ್ತು ಬರುತ್ತದೆ. ಪರೀಕ್ಷೆಯೂ ನನ್ನ ಪಾಲಿಗೇ ಬಂತು. ಆದರೆ ನಾನು ನಿನ್ನ ಹಾಗೆ ಕುದಿಯುವ ಜಾತಿಯಲ್ಲ. “ಇದೇನು ಬಣ್ಣ?” ಅಂದರೆ “ನೆಗಡಿ ಆದ ಮೂಗಿನ ಬಣ್ಣ” ಅನ್ನುತ್ತೇನೆ. “ಅದು?” ಅಂದರೆ “ದೊಡ್ಡತ್ತೆಗೆ ಸಿಟ್ಟು ಬರೋಕೆ ಐದು ನಿಮಿಷ ಮುಂಚಿನ ಬಣ್ಣ.” ಸದರಿಯವರು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಈಗ ದೊಡ್ಡ ಸುದ್ದಿ. ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆ ಒಂದು ಕೌಂಟರು ಮಾಡಿಸಿದರು. ಮೇಲ್ಹಲಗೆ ಹೊರದೇಶದ ಪಡೌಕ್, ಸುತ್ತ ಬಿಳಿ ಮರದ ಅಂಚು. ಪಡೌಕಿನ ಗುಣ ನಿನಗೆ ಗೊತ್ತೇ ಇದೆ: ಕೊಯ್ದ ದಿನ ಕೆಂಡ, ಕಿಟಕಿ ಪಕ್ಕ ವರ್ಷ ಕಳೆದರೆ ಹಳೇ ಚಪ್ಪಲಿ. ಡಾಕ್ಟರಮ್ಮನಿಗೆ ಆ ಕೆಂಡವೇ ಬೇಕು, ಅದೂ ಬಹುಕಾಲ. “ಪೂರ್ತಿ ತಡೆಯೋಕೆ ಆಗಲ್ಲ ಮೇಡಂ, ನಿಧಾನ ಮಾಡಬಹುದು ಅಷ್ಟೆ” ಎಂದು ಸದರಿಯವರು ಮೊದಲೇ ಹೇಳಿದ್ದರು.

ಡಾಕ್ಟರಮ್ಮ ನಮೂನೆ ನೋಡಲು ಬರುವ ದಿನ ನನ್ನೊಳಗಿನ ಮಂಗ ಎಚ್ಚರವಾಯಿತು. ಹೊಸ ಕೆಂಪು ತುಂಡನ್ನು ತೆಗೆದು, ಎರಡು ವರ್ಷ ಬಿಸಿಲು ತಿಂದು ಕಂದಾಗಿದ್ದ ಅದೇ ಅಳತೆಯ ತುಂಡನ್ನು ಮೇಜಿನ ಮೇಲಿಟ್ಟೆ. ಸದರಿಯವರು ನೋಡಿ ಹೌಹಾರುತ್ತಾರೆ, ನಾನು ನಗುತ್ತೇನೆ, ಡಾಕ್ಟರಮ್ಮ ಬರುವುದರೊಳಗೆ ಬದಲಾಯಿಸುತ್ತೇನೆ. ಇಷ್ಟೇ ಯೋಜನೆ. ಆದರೆ ಡಾಕ್ಟರಮ್ಮ ಕಾಲು ಗಂಟೆ ಮುಂಚೆಯೇ ಬಂದರು. ಸದರಿಯವರು ಆ ತುಂಡನ್ನು ಮಗುವಿನಂತೆ ಎತ್ತಿ, “ನೋಡಿ ಮೇಡಂ, ಈ ಕೆಂಪು ನೋಡಿ. ಇದನ್ನೇ ಉಳಿಸಿ ಕೊಡ್ತೀವಿ” ಅಂದರು.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. “ಇದಾ ಕೆಂಪು?”

ನಾನು ಮಧ್ಯೆ ನುಗ್ಗಿದೆ. “ಅದು ಹಲ್ಲುಜ್ಜದ ಹಲಗೆ ಮೇಡಂ! ಕಿಟಕಿಗೆ ಪರದೆ ಹಾಕ್ದೆ ಇದ್ರೆ ಹೀಗಾಗುತ್ತೆ ಅಂತ ತೋರ್ಸೋಕೆ ಇಟ್ಟಿದ್ದು. ಇದು ಉಜ್ಜಿದ್ದು.” ಎಂದು ಕೆಂಪು ತುಂಡನ್ನು ಮುಂದಿಟ್ಟೆ. ಡಾಕ್ಟರಮ್ಮ ಬಿದ್ದೂ ಬಿದ್ದೂ ನಕ್ಕು ಆರ್ಡರು ಕೊಟ್ಟರು. ಕ್ಲಿನಿಕ್ಕಿನ ಗಾಜಿಗೆ ಬಿಸಿಲು ತಡೆಯುವ ಹಾಳೆ ಅಂಟಿಸಲೂ ಒಪ್ಪಿದರು. ಸದರಿಯವರು ಬೇಕೆಂದೇ ಕಂದನ್ನು ಕೆಂಪು ಅಂದು ನನ್ನ ನಾಟಕಕ್ಕೆ ಸಾಥ್ ಕೊಟ್ಟರೆಂದುಕೊಂಡೆ.

ಕೌಂಟರಿನ ಪಾಲಿಶ್ ಕೆಲಸ ಪೂರ್ತಿ ನನಗೇ ವಹಿಸಿದರು ಕಣೋ! ಹಲಗೆ ಉಜ್ಜಿದೆ. ಧೂಳನ್ನು ಒಣಗಿದ್ದಾಗಲೇ ಮೆಷೀನಿನಿಂದ ಎಳೆದುಬಿಡಬೇಕು, ಸ್ಪಿರಿಟ್ ಬಟ್ಟೆಯಿಂದ ಒರೆಸಕೂಡದು ಎಂದು ನೀನು ನೂರು ಸಲ ಹೇಳಿಕೊಟ್ಟಿದ್ದೀಯ. ನಾನು ಸ್ಪಿರಿಟ್ ಬಟ್ಟೆಯಿಂದಲೇ ಒರೆಸಿದೆ. ಪಡೌಕ್ ಬಣ್ಣ ಬಿಟ್ಟು ಬಿಳಿ ಅಂಚಿನ ಮೇಲೆಲ್ಲ ಹರಿಯಿತು. ಹಲ್ಲಿನ ಡಾಕ್ಟರ ಕೌಂಟರಿಗೇ ಒಸಡಿನಿಂದ ರಕ್ತ! ಶಿಕ್ಷೆಗೆ ಸಿದ್ಧಳಾಗಿ, ಕಿವಿ ಹಿಂಡಲು ಅನುಕೂಲವಾಗಲೆಂದು ಕೂದಲು ಹಿಂದಕ್ಕೆ ಕಟ್ಟಿ, ಸದರಿಯವರನ್ನು ಕರೆದೆ. ಅವರು ಅಂಚಿನುದ್ದಕ್ಕೂ ಅಂಗೈ ಆಡಿಸಿ, “ನುಣುಪಾಗಿದೆ. ವಾರ್ನಿಷ್ ಹೊಡಿ” ಅಂದರು.

ನಾನು ಹೊಡೆಯಲಿಲ್ಲ. ಇಡೀ ದಿನ ಅಂಚನ್ನು ಕೆರೆದು, ಉಜ್ಜಿ ಬೆಳ್ಳಗೆ ಮಾಡಿದೆ. ಆಮೇಲೆ ನೀರಲ್ಲಿ ಕಲಸುವ, ಬಿಸಿಲು ತಡೆಯುವ ವಾರ್ನಿಷ್ ನಾಲ್ಕು ಕೋಟು. ಒಂದು ಒಣಗಿದ ಮೇಲೆ ತೆಳ್ಳಗೆ ಇನ್ನೊಂದು. ಎಣ್ಣೆ ವಾರ್ನಿಷ್ ಮುಟ್ಟಲಿಲ್ಲ, ಅದು ಬಿಳಿ ಅಂಚನ್ನು ಹಳದಿ ಮಾಡಿಬಿಡುತ್ತದೆ. ಮೊನ್ನೆ ಕೌಂಟರನ್ನು ಕೂರಿಸಿ ಬಂದೆವು. ಹಲ್ಲುನೋವಿಗೆ ಬಂದಿದ್ದ ಅಜ್ಜ ಒಬ್ಬರು ಕೆನ್ನೆಯಿಂದ ಕೈ ತೆಗೆದು ಅದನ್ನು ಸವರಿದರು. ನಾನು ಯಾರಿಗೂ ಕಾಣದಂತೆ ಎರಡು ಹೆಜ್ಜೆ ಕುಣಿದೆ.

ಅಮ್ಮ ಆರಾಮು. ನಿನಗೆ ಹೆಣ್ಣು ನೋಡುವುದನ್ನು ಸದ್ಯಕ್ಕೆ ನಿಲ್ಲಿಸಿ ನನಗೆ ಗಂಡು ನೋಡಲು ಹೊರಟಿದ್ದಾಳೆ, ನೀನು ಪಾರಾದೆ. ವಯಸ್ಸಿನಲ್ಲಿ ಕಿರಿಯಳಾದರೂ ಬುದ್ಧಿಯಲ್ಲಿ ಹಿರಿಯಳಾದ್ದರಿಂದ ನಾನೇ ಹರಸುತ್ತೇನೆ: ಹೊತ್ತು ಹೊತ್ತಿಗೆ ಊಟ ಸಿಗಲಿ, ತಲೆಗೂದಲು ಇನ್ನೊಂದು ಐದು ವರ್ಷ ನಿಲ್ಲಲಿ, ನೀನು ಮಾಡಿದ ಬಾಗಿಲುಗಳೆಲ್ಲ ಮುಚ್ಚಿದಷ್ಟೇ ಸಲೀಸಾಗಿ ತೆರೆಯಲಿ.

ನಿನ್ನ ಒಬ್ಬಳೇ ತಂಗಿ (ಇನ್ನೊಬ್ಬಳಿಲ್ಲದ್ದು ನಿನ್ನ ಪುಣ್ಯ),
ಕಿರಿಕಿರಿ

ಮರೆತಿದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಆಟ ಸಾಕು. ಇದು ಅಪ್ಪನ ಸುದ್ದಿ. ಹರಿಯದೆ ಓದು.

ಅಂಚನ್ನು ಬೆಳ್ಳಗೆ ಮಾಡಿದ ಮೇಲೆ ತಮಾಷೆಗೇ ಕೇಳಿದೆ, “ಅಷ್ಟು ಕೆಂಪು ಹರಿದ್ರೂ ನಿಮ್ಗೆ ಕಾಣ್ಲಿಲ್ವಾ?” ಅಪ್ಪ ಬ್ರಷ್ಷನ್ನು ನೀರಿಗೆ ಹಾಕಿ ಸ್ಟೂಲಿನ ಮೇಲೆ ಕೂತರು.

“ಇಲ್ಲ ಪುಟ್ಟಿ. ಕೆಂಪು, ಕಂದು, ಹಸಿರು, ನಂಗೆ ಎಲ್ಲ ಹೆಚ್ಚೂಕಮ್ಮಿ ಒಂದೇ. ಹುಟ್ಟಿದಾಗಿಂದ ಹೀಗೇ. ಹೊಳಪು ಕೈಗೆ ಗೊತ್ತಾಗುತ್ತೆ. ಬಣ್ಣ ಮಾತ್ರ ಯಾರಾದ್ರೂ ಹೇಳ್ಬೇಕು.”

ಮೊದಲು ಅಮ್ಮ ಬಂದು ಹೇಳುತ್ತಿದ್ದಳಂತೆ. ಅವಳ ಮಂಡಿ ಕೈಕೊಟ್ಟ ಮೇಲೆ ನೀನು. ಆಮೇಲೆ ನಾನು. ಹದಿನಾಲ್ಕು ತಿಂಗಳು ನನ್ನ ನೆಗಡಿ ಮೂಗಿನ ಉತ್ತರ ಕೇಳಿಕೊಂಡು, ನಾನು ಊಟಕ್ಕೆ ಹೋದಾಗ ಪಕ್ಕದ ಗಾಜಿನಂಗಡಿಯವನನ್ನು ಏನೋ ನೆಪ ಹೇಳಿ ಒಳಗೆ ಕರೆದು, ಬಣ್ಣ ಕೇಳಿ ತಿಳಿದುಕೊಳ್ಳುತ್ತಿದ್ದರಂತೆ. ಅಣ್ಣ, ಅದನ್ನು ಕೇಳಿದ ಮೇಲೆ ನನಗೆ ಒಂದು ಜೋಕೂ ಹೊಳೆಯಲಿಲ್ಲ.

“ಅಣ್ಣಂಗೆ ಹೇಳ್ಬಾರ್ದಿತ್ತಾ?” ಅಂದೆ.

“ಮಗನ ಮುಂದೆ ಮೇಸ್ತ್ರಿ ಆಗಿರ್ಬೇಕು ಅನ್ನೋ ಹಮ್ಮು. ಅವನು ಕೂಗಾಡಿ ಹೋದ ದಿನ ಬಾಯಿ ತನಕ ಬಂತು. ನುಂಗ್ಕೊಂಡೆ.”

“ನಾನು ಬರೀಲಾ?” ಅಂದೆ. ಬೇಡ ಅನ್ನಲಿಲ್ಲ. ಎದ್ದು ಹೋಗಿ ತೊಳೆದಿದ್ದ ಬ್ರಷ್ಷನ್ನೇ ಮತ್ತೆ ತೊಳೆದರು.

ನೀನು ಲೆಕ್ಕ ಇಟ್ಟಿರುವ ಹನ್ನೊಂದು ವರ್ಷದ ಪರೀಕ್ಷೆಯಲ್ಲಿ ಅಪ್ಪ ನಿನ್ನ ಉತ್ತರವನ್ನು ಒಂದೇ ಒಂದು ಸಲವಾದರೂ ತಪ್ಪು ಅಂದಿದ್ದಾರಾ? ಕೂತು ನೆನಪು ಮಾಡಿಕೊಂಡು ನೋಡು.