ಕನ್ನಡಿ ಕಪಾಟಿನ ಕರಡಿಗೆ

ಸಪ್ತಾಪುರ, ಧಾರವಾಡ
೧೪ ಅಕ್ಟೋಬರ ೧೯೩೬

ಮಾತೃಸಮಾನರಾದ ಗೌರಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ಬಾಳವ್ವನ ಶರಣು.

ಶ್ರಾವಣದಲ್ಲಿ ನೀವು ಬರೆದ ಕಾಗದಕ್ಕೆ ದಸರೆ ಹತ್ತಿರ ಬಂದರೂ ಉತ್ತರಿಸಲಿಲ್ಲ, ಬೈಯಬೇಡಿ. “ನನ್ನ ತಮ್ಮನ ಸುದ್ದಿ ಏನರ ಹತ್ತಿತೇನವಾ?” ಎಂದು ಕೇಳಿದ್ದಿರಿ. ಇಲ್ಲ ಇಲ್ಲ ಎಂದು ಎಷ್ಟು ಸಲ ಬರೆಯಲಿ? ಈಗ ಸುದ್ದಿ ಸಿಕ್ಕಿದೆ, ಬರೆಯಲು ಕೈ ಬರುತ್ತಿಲ್ಲ.

ಶಾಲೆಯಲ್ಲಿ ಈ ವರ್ಷ ನನಗೆ ನಾಲ್ಕನೆಯ ಇಯತ್ತೆ ಕೊಟ್ಟಿದ್ದಾರೆ. ಶನಿವಾರ ಹುಡುಗಿಯರನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದಿದ್ದೆ. ಅಲ್ಲಿ ಗೌಸಸಾಬರೆಂಬ ಮುದುಕರು, ರೈಲ್ವೆಯಲ್ಲಿ ಫಿಟರ್ ಆಗಿದ್ದವರು, ಎರಡು ಕೋಣೆಗಳಲ್ಲಿ ಊರ ಹಳೆಯ ಸಾಮಾನು ಕೂಡಿಸಿ ಅಜಬಖಾನೆ ಮಾಡಿದ್ದಾರೆ. ಗಾರ್ಡಿನ ಕಂದೀಲು, ಪ್ಲೇಗಿನ ಕಾಲದ ಪಾಸು, ಯಾವುದೋ ದೇಸಾಯರ ಕತ್ತಿ. ಹುಡುಗಿಯರು ಕತ್ತಿ ನೋಡಿ ಮೂಗು ಮುರಿದು, “ನಮ್ಮನಿ ಈಳಗೀನ ಇದಕಿಂತ ಹರಿತ ಐತ್ರಿ ಬಾಯಾರ” ಎಂದರು.

ನಗುತ್ತಲೇ ಕನ್ನಡಿ ಕಪಾಟಿನ ಮುಂದೆ ಬಂದೆ. ಒಳಗೆ ಲಿಂಗವಿಡುವ ಬೆಳ್ಳಿಯ ಕರಡಿಗೆ. ಅದನ್ನು ಕೊರಳಿಗೆ ಕಟ್ಟುವ ಶಿವದಾರ ನಿಮ್ಮ ತಮ್ಮನಿಗೆಂದು ನಾನೇ ಹೊಸೆದದ್ದು, ಗೌರಕ್ಕ. ಬಿಳಿ ನೂಲು ಸಾಲದೆ ನಮ್ಮ ಮಗಳು ಸತ್ಯವ್ವ ಉಡುತ್ತಿದ್ದ ಪರಕಾರದಿಂದ ನೀಲಿ ಎಳೆ ಕಿತ್ತು ಸೇರಿಸಿದ್ದೆ. ಸಾವಿರದಲ್ಲಿಯೂ ಗುರುತು ಹಿಡಿಯುತ್ತೇನೆ.

ಕೊರಳ ಲಿಂಗವನ್ನು ನಮ್ಮ ಜನ ಸತ್ತರೂ ಬಿಚ್ಚುವುದಿಲ್ಲ, ಅದು ಜೊತೆಗೇ ಮಣ್ಣಿಗೆ ಹೋಗುವಂಥದು. ಹಳಿಯ ಮೇಲೆ ಸಿಕ್ಕ ಅವರ ಹೆಣದಿಂದ ಯಾರೋ ಬಿಚ್ಚಿ ತಂದಿರಬೇಕು ಎಂದುಕೊಂಡೆ.

“ಇದು ಯಾರದ್ರಿ ಅಜ್ಜಾರ?”

“ಹೆಸರ ಹೇಳಲಿಲ್ಲವಾ. ಆಷಾಢದಾಗ ಬಂದಿದ್ರು. ಎತ್ತರ ಆಳು, ಎಡಗಿವಿ ಮ್ಯಾಲೆ ಮಚ್ಚಿ ಇತ್ತು. ತಾವ ಬಿಚ್ಚಿ ಮುಂದಿಟ್ಟರು. ‘ಬಿಚ್ಚಬಾರದರಿ’ ಅಂತ ನಾನ ಕೈ ಮುಗಿದೆ. ಕೇಳಲಿಲ್ಲ. ಲಿಂಗ ಒಳಗ ಐತಿ. ದಿನಾ ಒಂದ ಹೂವ ಇಡತೇನಿ, ನನಗ ಮತ್ತೇನ ತಿಳೀತೈತಿ?”

“ಏನರ ಅಂದ್ರೇನ್ರಿ?”

“‘ನಾ ಇದನ್ನ ಕಟಗೊಳ್ಳಾಕ ಲಾಯಖ ಇಲ್ಲ’ ಅಂದ್ರು. ಸ್ಟೇಶನ್ ಕಡೆ ಹೋದ್ರು.”

ಸತ್ಯವ್ವ ತೀರಿದ ಮೂರನೆಯ ದಿನ ಮನೆ ಬಿಟ್ಟವರು ಆಷಾಢದಲ್ಲಿ ಬದುಕಿದ್ದರು, ಗೌರಕ್ಕ! ಆದರೆ ಲಿಂಗವಿಲ್ಲದೆ ಹನಿ ನೀರು ಮುಟ್ಟದಿದ್ದ ಮನುಷ್ಯ ಎಷ್ಟು ದಿನ ಬದುಕಿಯಾರು? ಭಾನುವಾರದಿಂದ ಶಾಲೆ ಬಿಟ್ಟು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನಿಂತು ಇಳಿಯುವವರ, ಹತ್ತುವವರ ಮುಖ ನೋಡುತ್ತಿದ್ದೇನೆ. ಹಮಾಲರು ನನಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಅನ್ನಲಿ.

ಗೌಸಸಾಬರು ಬೀಗ ತೆಗೆದು ಕರಡಿಗೆ ಕೊಟ್ಟುಬಿಟ್ಟರು. ನಿಮ್ಮ ಓಣಿಯ ಮಹಾದೇವಪ್ಪನ ಕೈಯಲ್ಲಿ ಕಾಗದದ ಜೊತೆ ಕಳಿಸಿದ್ದೇನೆ. ನೀವು ಎತ್ತಿ ಆಡಿಸಿ ಬೆಳೆಸಿದ ತಮ್ಮ. ಬಂದರೆ ನಿಮ್ಮಲ್ಲಿಗೇ ಬಂದಾರು. ಉಣ್ಣಲು ನೀಡುವ ಮೊದಲು ಇದನ್ನು ಕಟ್ಟಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ, ನನ್ನ ಹೆಸರು ಎತ್ತಬೇಡಿ.

ನಿಮ್ಮ ಮಕ್ಕಳು ನೂರು ವರ್ಷ ಬಾಳಲಿ.

ನಿಮ್ಮ
ಬಾಳವ್ವ

ತಾ. ಕ.: ಮಗಳು ಹೋದ ದಿನ, “ಡಾಕ್ಟರರ ಮನಿಗೆ ಹೋಗಿದ್ದೆ, ಅವರು ಊರಾಗಿಲ್ಲ” ಎಂದು ನಿಮ್ಮ ತಮ್ಮ ಲಿಂಗ ಮುಟ್ಟಿ ಹೇಳಿದರು. ನಾನು, “ಸುಳ್ಳ ಹೇಳಾಕತ್ತೀರಿ. ಮೊದಲ ಆ ಲಿಂಗ ತಗದಿಟ್ಟ ಮಾತಾಡ್ರಿ” ಎಂದೆ. ಅವರು ಸುಳ್ಳು ಹೇಳಿರಲಿಲ್ಲ. ಅವರು ಮನೆಗೆ ಬರುವ ಮೊದಲೇ ಡಾಕ್ಟರರ ಆಳು ಬಂದು, “ನಿಮ್ಮ ಯಜಮಾನರು ಇನ್ನೂ ನಮ್ಮ ಬಾಗಿಲದಾಗ ಕುಂತಾರ್ರಿ, ಡಾಕ್ಟರು ಬೆಳಗಾವಿಗೆ ಹೋಗ್ಯಾರ” ಎಂದು ಹೇಳಿ ಹೋಗಿದ್ದ. ಗೊತ್ತಿದ್ದೂ ಅಂದೆ.