ತುಕ್ಕುಗೈ

ಮಾರ್ಚ್ 4, ಬೆಳಿಗ್ಗೆ

ಅಂಗಡಿ ತೆರೆದೆ. ಗುಡಿಸಿದೆ. ಗೋಡೆಯ ಮೇಲಿನ ಹಳೆಯ ಕತ್ತಿಗಳನ್ನು ಒಂದೊಂದಾಗಿ ಇಳಿಸಿ ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಹಿಡಿಯಿಂದ ತುದಿಯ ಕಡೆಗೆ, ಒಂದೇ ದಿಕ್ಕು, ಹಿಂದಕ್ಕೆ ಉಜ್ಜುವ ಹಾಗಿಲ್ಲ. ಇವರು ಹೇಳಿಕೊಟ್ಟಿದ್ದು. ಬಟ್ಟೆಗೆ ಕಂದು ಬಣ್ಣ ಹತ್ತಲಿಲ್ಲ. ಅಂದರೆ ಎಲ್ಲ ಸರಿಯಾಗಿದೆ.

ಒಬ್ಬ ಬಂದ. ಬಯೊನೆಟ್ ಬೇಕಂತೆ, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಹೊಸ ಮನೆಯ ಹಾಲ್‌ನಲ್ಲಿ ಸೋಫಾದ ಮೇಲ್ಗಡೆ ತೂಗುಹಾಕಲು. ಸೋಫಾ ಕಂದು, ಹಾಗಾಗಿ ಹಿಡಿಯೂ ಕಂದೇ ಆಗಬೇಕು. ಮರದ ಹಿಡಿಯದನ್ನು ಕೊಟ್ಟೆ. ಎಲ್ಲರೂ ಕೇಳುವುದನ್ನೇ ಇವನೂ ಕೇಳಿದ — "ಇದರಿಂದ ಯಾರನ್ನಾದ್ರೂ ಕೊಂದಿದಾರಾ?"

ಇವರು ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ. "ನಮ್ಮ ಹತ್ರ ಬಂದ ಮೇಲಂತೂ ಇಲ್ಲ."

ಬಿದ್ದು ಬಿದ್ದು ನಕ್ಕ. ಇವರು ಹೇಳಿದರೆ ನಾನೂ ನಗುತ್ತಿದ್ದೆ. ಸಾವಿರ ಸಲ ಕೇಳಿದ ಜೋಕು, ಆದರೂ. ಇವತ್ತು ನಗು ಬರಲಿಲ್ಲ. ಬಯೊನೆಟ್ಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಇವರು ಹೋಗಿ ಎರಡು ತಿಂಗಳಾಗುತ್ತ ಬಂತು. ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು. ಆಮೇಲೆ ಮಗಳ ಮನೆ.

ಮಾರ್ಚ್ 5

ಮಗಳ ಫೋನ್. ದಿನಾ ಒಂದೇ ಮಾತು.

"ಅಮ್ಮಾ, ಒಂದ್ಸಲ ಅತ್ತುಬಿಡಮ್ಮ. ಒಳಗೇ ಇಟ್ಕೋಬೇಡ."

"ಬಂದಾಗ ಅಳ್ತೀನಿ ಬಿಡೇ. ಬರ್ತಾ ಇಲ್ಲ."

"ಬರೋಕೆ ಅದೇನು ಬಸ್ಸಾ?"

ಜಾಣೆ. ಮಾತಿನಲ್ಲಿ ಅಪ್ಪನ ಮಗಳು. ನಾನು ಬೇಕೆಂದು ಬಿಗಿಹಿಡಿದಿಲ್ಲ. ಒಳಗೆ ಏನಾದರೂ ಇದ್ದರೆ ತಾನೇ ಹೊರಗೆ ಬರುವುದು. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮುಟ್ಟಿದರೆ ಕೆನ್ನೆ ಯಾರದೋ ಅನ್ನಿಸುತ್ತದಲ್ಲ, ಹಾಗಿದೆ. ಊಟ ಮಾಡುತ್ತೇನೆ. ನಿದ್ದೆಯೂ ಬರುತ್ತದೆ. ಜನ ಅದಕ್ಕೇ ನನ್ನನ್ನು ಒಂಥರಾ ನೋಡುತ್ತಾರೆ.

ಅವಳದು ಒಂದೇ ಷರತ್ತು. "ಕತ್ತಿ, ಚಾಕು ಏನೂ ತರ್ಬೇಡ. ಇಬ್ಬರು ಮಕ್ಕಳಿದಾರೆ, ಚಿಕ್ಕವನು ಕೈಗೆ ಸಿಕ್ಕಿದ್ದನ್ನೆಲ್ಲ ಎಳೀತಾನೆ. ಬಟ್ಟೆ, ಪುಸ್ತಕ, ಅಪ್ಪನ ಫೋಟೋ ತಗೊಂಡು ಬಾ, ಸಾಕು."

ಆಯ್ತು ಅಂದೆ. ಫೋಟೋ ತೆಗೆದು ನೋಡಿದೆ. ಇವರು ಕೌಂಟರಿನ ಹಿಂದೆ, ಕೈಯಲ್ಲಿ ಕತ್ತಿ, ಬಿಳಿ ಗ್ಲೌಸು. ಇನ್ನೊಂದು ಹುಡುಕಿದೆ. ಅದರಲ್ಲೂ ಗ್ಲೌಸು. ಆಲ್ಬಮ್ ಪೂರ್ತಿ ತಿರುವಿದೆ. ಮದುವೆಯ ಫೋಟೋ ಬಿಟ್ಟರೆ ಇವರ ಬರಿಗೈ ಎಲ್ಲಿಯೂ ಇಲ್ಲ. ಅದರಲ್ಲೂ ಒಂದು ಕೈ ನನ್ನ ಬೆನ್ನ ಹಿಂದೆ ಇದೆ.

ಮಾರ್ಚ್ 9, ಸಂಜೆ

ನಾಟಕದ ತಂಡದವರು ಬಂದು ಮೊಂಡು ಕತ್ತಿಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಹೋದರು. ಅರ್ಧ ಗೋಡೆ ಖಾಲಿ. ಕತ್ತಿ ಇದ್ದ ಕಡೆಯೆಲ್ಲ ಬಣ್ಣ ಮಾಸದೆ ಕತ್ತಿಯ ಆಕಾರ ಹಾಗೇ ಉಳಿದಿದೆ.

ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರು ಚಹಾ ತಂದರು. ಗೋಡೆ ನೋಡಿ, ಲೋಟ ಕೌಂಟರಿನ ಮೇಲಿಟ್ಟು ಹೋದರು. ಒಳ್ಳೆಯ ಮನುಷ್ಯ. ಬಾಯಿಬಿಟ್ಟಿದ್ದರೆ ನಾನೇ ಸಮಾಧಾನ ಮಾಡಬೇಕಾಗುತ್ತಿತ್ತು.

ಮುಖ್ಯವಾದದ್ದು ಇನ್ನು ಒಂದೇ ಬಾಕಿ, ಮೇಜರ್ ಅವರ ಪಾರ್ಸೆಲ್. ಮೇಜರ್ ಅನ್ನುವುದು ಇವರಿಟ್ಟ ಹೆಸರು. ಮನುಷ್ಯ ಸೈನ್ಯದ ಗೇಟನ್ನೂ ನೋಡಿದವರಲ್ಲ, ಹಲ್ಲಿನ ಡಾಕ್ಟರು. ಆದರೆ ನಡೆಯುವುದು, ಮೀಸೆ ತಿರುವುವುದು ನೋಡಿದರೆ ಎರಡು ಯುದ್ಧ ಗೆದ್ದು ಬಂದ ಹಾಗೆ. ಪಾರ್ಸೆಲ್ಲಿನಲ್ಲಿರುವ, ಕುದುರೆ ಪಡೆಯ ಅಧಿಕಾರಿಯೊಬ್ಬರ ಕತ್ತಿಯ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಸ್ವಲ್ಪ ಬಾಗಿದ ಅಲಗು, ಎರಡೂ ಮುಖದಲ್ಲಿ ಬಳ್ಳಿಯ ಕೆತ್ತನೆ. ನಮ್ಮಲ್ಲಿದ್ದದ್ದರಲ್ಲೆಲ್ಲ ಒಳ್ಳೆಯದು. ಇವರು "ಅದೊಂದು ಬಿಟ್ಟು ಬೇರೆ ಕೇಳಿ" ಅನ್ನುತ್ತಿದ್ದರು. ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ "ಸರಿ, ನಿಮಗೇ ಕೊಟ್ಟೆ, ಮಾತು ಅಂದ್ರೆ ಮಾತು" ಅಂದರು. ಆಗ ನನಗೆ ಆಶ್ಚರ್ಯ. ಈಗ ಆಶ್ಚರ್ಯವಿಲ್ಲ. ಕಾಯಿಲೆಯ ಬಗ್ಗೆ ತಮಗೆ ಗೊತ್ತಿದ್ದದ್ದನ್ನು ನನಗೆ ಹೇಳಿರಲಿಲ್ಲ, ಅಷ್ಟೆ.

ಪಾರ್ಸೆಲ್ ಬಿಚ್ಚಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಇವರೇ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಟ್ಟದ್ದು.

ಮಾರ್ಚ್ 12, ಮಧ್ಯಾಹ್ನ

ಮುಂದಿನ ವಾರ ಮೇಜರ್ ಬರುತ್ತಾರೆ, ಒಮ್ಮೆ ನೋಡಿಬಿಡೋಣ ಅಂತ ಬಿಚ್ಚಿದೆ.

ಅಲಗಿನ ಮೇಲೆ ಹೆಬ್ಬೆರಳ ಗುರುತು. ತುಕ್ಕಿನದು.

ಮೊದಲು ಕೊಳೆ ಅಂದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿಯಿಂದ ಒಂದು ಗೇಣು ಕೆಳಗೆ, ಕೆತ್ತನೆ ಮುಗಿದು ಅಲಗು ನುಣುಪಾಗುವ ಕಡೆ. ಸುತ್ತು ಸುತ್ತು ಗೆರೆ ಎಲ್ಲ ಮೂಡಿದೆ, ಸ್ಟಾಂಪ್ ಪ್ಯಾಡಿಗೆ ಅದ್ದಿ ಒತ್ತಿದ ಹಾಗೆ. ನಡುವೆ ಅಡ್ಡಕ್ಕೆ ಒಂದು ಗೀಟು, ಅಲ್ಲಿ ಮಾತ್ರ ತುಕ್ಕಿಲ್ಲ. ತಿರುಗಿಸಿದೆ. ಆ ಕಡೆ ನಾಲ್ಕು ಬೆರಳು.

ಅಡ್ಡ ಗೀಟು ಯಾವುದು ಅಂತ ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ, ಒರೆಯಲ್ಲಿ ಕಚ್ಚಿಕೊಂಡಿದ್ದ ಬಯೊನೆಟ್ ಎಳೆಯಲು ಹೋಗಿ ಹೆಬ್ಬೆರಳು ಸೀಳಿಕೊಂಡಿದ್ದರು. ಹೊಲಿಗೆ ಹಾಕಿಸಲು ನಾನೇ ಕರೆದುಕೊಂಡು ಹೋಗಿದ್ದೆ. "ನನಗೇನೂ ನೋವಿಲ್ಲ, ಬಯೊನೆಟ್‌ಗೆ ಏನೂ ಆಗ್ಲಿಲ್ಲ ತಾನೆ?" ಅಂತ ದಾರಿಯುದ್ದಕ್ಕೂ ಕೇಳಿದ್ದರು.

ಬಟ್ಟೆ ಮುಚ್ಚಿ ಇಟ್ಟೆ. ಎದೆ ಧಸಕ್ಕೆನ್ನಲಿಲ್ಲ, ಏನೂ ಆಗಲಿಲ್ಲ. ಕೈ ತೊಳೆದುಕೊಂಡು ಊಟ ಮಾಡಿದೆ.

ಮಾರ್ಚ್ 13

ಆದರೂ ಅರ್ಥವಾಗದ್ದು ಒಂದೇ. ಇವರು ಬರಿಗೈಯಲ್ಲಿ ಮುಟ್ಟಿದರೇ?

ಇವರದು ತುಕ್ಕುಗೈ. ಹೆಸರು ಇವರೇ ಇಟ್ಟದ್ದು. ಕೆಲವರ ಬೆವರು ಹಾಗೆ, ಉಕ್ಕು ಮುಟ್ಟಿದರೆ ವಾರದಲ್ಲಿ ಬೆರಳ ಗುರುತು ತುಕ್ಕಾಗಿ ಏಳುತ್ತದೆ. ನನ್ನದು ಒಣಗೈ. ದಿನವಿಡೀ ಹಿಡಿದರೂ ಏನೂ ಆಗುವುದಿಲ್ಲ. "ನೀನು ಪುಣ್ಯವಂತೆ, ನಾನು ಪಾಪಿ, ಮುಟ್ಟಿದ್ದೆಲ್ಲ ಕೆಡ್ತದೆ" ಅನ್ನುತ್ತಿದ್ದರು. ಆದರೆ ಗ್ಲೌಸಿಲ್ಲದೆ ಮುಟ್ಟಲು ನನಗೂ ಬಿಡುತ್ತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಒಂದು ಕತ್ತಿ ಮುಟ್ಟಿದ್ದಕ್ಕೆ ಅಂಗಡಿಯೇ ಹಾರಿಹೋಗುವ ಹಾಗೆ ಕೂಗಾಡಿದ್ದರು. ಗಿರಾಕಿಗಳಿಗೂ ಬಿಡುತ್ತಿರಲಿಲ್ಲ. ಅಂಥವರು ತಮ್ಮ ಪ್ರಾಣದಂಥ ಕತ್ತಿಯನ್ನು, ಅದೂ ಮಾತು ಕೊಟ್ಟ ಮಾಲನ್ನು...

ಬೇಕೆಂದೇ ಮುಟ್ಟಿದರೇ? ನನಗಾಗಿ ಗುರುತು ಬಿಟ್ಟರೇ? ಛೆ. ಇವರು ಅಂಥ ಮನುಷ್ಯ ಅಲ್ಲ. ಹುಟ್ಟುಹಬ್ಬಕ್ಕೆ ಪ್ರೆಷರ್ ಕುಕ್ಕರ್ ತಂದುಕೊಟ್ಟವರು.

ಮಾರ್ಚ್ 19, ಬೆಳಿಗ್ಗೆ 11

ಮೇಜರ್ ಬಂದರು. ಕೋಟಿನ ಜೇಬಿನಿಂದ ತಮ್ಮದೇ ಗ್ಲೌಸು, ತಮ್ಮದೇ ಭೂತಗನ್ನಡಿ. ಬಟ್ಟೆ ಸರಿಸಿದೆ. ಹಲ್ಲುಜ್ಜದೆ ಬಂದ ಪೇಷೆಂಟನ್ನು ನೋಡುವ ಹಾಗೆ ನೋಡಿದರು.

"ಯಾರಮ್ಮ ಇದು? ಬರಿಗೈಲಿ ಹಿಡಿದಿದಾರಲ್ಲ! ಹೀಗೇ ಬಿಟ್ರೆ ಕೊರ್ಕೊಂಡು ಹೋಗುತ್ತೆ, ಹುಳುಕಿನ ಥರ."

"ಹೋಗಲ್ವಾ?"

"ಹೋಗುತ್ತೆ, ಹೋಗುತ್ತೆ. ಇನ್ನೂ ಮೇಲ್ಮೇಲೇ ಇದೆ. ಎಣ್ಣೆ ಹಾಕಿ ಮೆತ್ತಗೆ ಉಜ್ಜಿದ್ರೆ ಅರ್ಧ ಗಂಟೆ ಕೆಲಸ. ಗುರುತೇ ಸಿಗಲ್ಲ."

"ಅದು ಇವರದು."

ಭೂತಗನ್ನಡಿ ಕೆಳಗಿಟ್ಟರು. "ಯಾರದು? ಅವರದಾ? ಸಾಧ್ಯನೇ ಇಲ್ಲ. ಗ್ಲೌಸ್ ಇಲ್ಲದೆ ಬಂದೆ ಅಂತ ನನ್ನನ್ನ ಎರಡು ಸಲ ವಾಪಸ್ ಕಳಿಸಿದಾರೆ!" ಮತ್ತೆ ಬಗ್ಗಿ ನೋಡಿದರು. ಗಾಯದ ಗೀಟು ಅವರಿಗೂ ಗೊತ್ತು. ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಗ್ಲೌಸು ಕಳಚಿ ಜೇಬಿಗೆ ಹಾಕಿಕೊಂಡು, ದನಿ ಇಳಿಸಿ ಹೇಳಿದರು. "ನೀವು ಉಜ್ಜೋದು ಬೇಡಮ್ಮ. ನಿಮ್ಮ ಕೈಯಿಂದ ಬೇಡ. ಮನೆಗೆ ತಗೊಂಡು ಹೋಗಿ ನಾನೇ ತೆಗೀತೀನಿ. ಶನಿವಾರ ಗಾಡಿ ತರ್ತೀನಿ."

ಸರಿ ಅಂದೆ. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇವರಿದ್ದರೂ ಅದನ್ನೇ ಹೇಳುತ್ತಿದ್ದರು. ತುಕ್ಕು ಅಂದರೆ ತುಕ್ಕು, ಯಾರ ಕೈಯದಾದರೇನು.

ಮಾರ್ಚ್ 20

ಈಗ ಗೊತ್ತಾಯಿತು.

ಬೆಳಿಗ್ಗೆ ಕತ್ತಿಯನ್ನು ವಾಪಸ್ ಸುತ್ತಿಡಲು ಎತ್ತಿದೆ. ಗ್ಲೌಸಿನ ಕೈಯಿಂದ ಜಾರಿತು. ಹತ್ತಿಯ ಗ್ಲೌಸು, ಎಣ್ಣೆ ಹಚ್ಚಿದ ಉಕ್ಕು. ಬಿಗಿಯಾಗಿ ಹಿಡಿಯದಿದ್ದರೆ ನಿಲ್ಲುವುದಿಲ್ಲ. ನಾನು ಗಟ್ಟಿಗಿದ್ದೇನೆ, ತಟ್ಟನೆ ಹಿಡಿದೆ. ಹಿಡಿದವಳು ಹಾಗೇ ನಿಂತುಬಿಟ್ಟೆ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಮಧ್ಯಾಹ್ನ. "ಗಡಿಯಾರದವರ ಹತ್ರ ಒಂದಿಷ್ಟು ಹುರಿ ಇಸ್ಕೊಂಡು ಬಾ" ಅಂತ ನನ್ನನ್ನು ಕಳಿಸಿದ್ದರು. ನಾನು ಬರುವಷ್ಟರಲ್ಲಿ ಪಾರ್ಸೆಲ್ ಬಟ್ಟೆ ಸುತ್ತಿ ಕೌಂಟರಿನ ಮೇಲಿತ್ತು. ಇವರು ಸ್ಟೂಲಿನ ಮೇಲೆ. ಗ್ಲೌಸು ತೊಡೆಯ ಮೇಲೆ.

"ಗ್ಲೌಸ್ ಯಾಕ್ರೀ ತೆಗೆದ್ರಿ?"

"ಸೆಕೆ."

ಜನವರಿ ತಿಂಗಳು. ನಾನು ಸ್ವೆಟರ್ ಹಾಕಿಕೊಂಡಿದ್ದೆ. ಸೆಕೆಯಂತೆ! ನಾನೂ ನಂಬಿ, ಫ್ಯಾನ್ ಹಾಕಿ, ಹುರಿ ಕಟ್ಟಿದೆ.

ಕೈಯಲ್ಲಿ ಶಕ್ತಿಯೇ ಇರಲಿಲ್ಲ. ಗ್ಲೌಸಿನಲ್ಲಿ ಹಿಡಿದರೆ ಜಾರುತ್ತಿತ್ತು. ಬಿದ್ದರೆ ತುದಿ ಮುರಿಯುತ್ತದೆ. ನನ್ನನ್ನು ಕೂಗಿದರೆ ನನಗೆ ತಿಳಿದುಹೋಗುತ್ತದೆ. ಅದಕ್ಕೆ ಗ್ಲೌಸು ತೆಗೆದು, ಬರಿಗೈಯಲ್ಲಿ, ಅಲಗನ್ನೇ ಅವುಚಿ ಹಿಡಿದು ಎತ್ತಿಟ್ಟಿದ್ದಾರೆ. ತುಕ್ಕೇಳುತ್ತದೆ ಅಂತ ಗೊತ್ತಿದ್ದೂ. ಒರೆಸುವಷ್ಟು ತ್ರಾಣವೂ ಉಳಿದಿರಲಿಲ್ಲವೇನೋ.

ಏನ್ರೀ ನೀವು? ಒಂದು ಕತ್ತಿ ಎತ್ತೋಕೆ ನನ್ನ ಕರೀಬಾರದಿತ್ತಾ? ನಾನೇನು ಹೊರಗಿನವಳಾ? ಇಷ್ಟು ವರ್ಷ ಎಣ್ಣೆ ಹಚ್ಚಿದವಳು ಯಾರು? ಹುರಿ ತರೋಕೆ ಕಳಿಸ್ತೀರಲ್ಲ, ಹುರಿ!

ಸಿಟ್ಟು ಬಂದಿದೆ. ಎರಡು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬಂತು. ಬಂದದ್ದು ಇದು.

ಮಾರ್ಚ್ 21, ಬೆಳಿಗ್ಗೆ

ಮೇಜರ್‌ಗೆ ಫೋನ್ ಮಾಡಿದೆ. ಕೊಡುವುದಿಲ್ಲ ಅಂದೆ.

"ಅವರು ಮಾತು ಕೊಟ್ಟಿದ್ರು ಅಮ್ಮ."

"ಹೌದು. ಮುರೀತಾ ಇರೋಳು ನಾನು. ನನಗೇ ಬೈಯಿರಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಹಾಗಾದ್ರೆ ಒಂದು ಮಾತು. ಗುರುತಿನ ಮೇಲೆ ಎಣ್ಣೆ ಹಾಕಿ, ಬಟ್ಟೆ ಒತ್ತಿ ತೆಗೀರಿ. ಉಜ್ಜಬೇಡಿ. ತುಕ್ಕು ಅಲ್ಲೇ ನಿಲ್ಲುತ್ತೆ, ಗುರುತು ಕಪ್ಪಗೆ ಉಳ್ಕೊಳ್ಳುತ್ತೆ. ವಾರಕ್ಕೊಂದ್ಸಲ. ತಪ್ಪಿಸ್ಬೇಡಿ" ಅಂದು ಇಟ್ಟರು. ಅವರ ಆಸೆಗೆ ಮಣ್ಣು ಹಾಕಿದೆ. ಪಾಪ ಅನ್ನಿಸಿತು.

ಆಮೇಲೆ ಮಗಳಿಗೆ.

"ನನ್ನ ಜೊತೆ ಒಂದು ಕತ್ತಿ ಬರುತ್ತೆ."

"ಅಮ್ಮಾ, ನಾನು ಹೇಳಿದ್ನಲ್ಲ—"

"ಅದರ ಮೇಲೆ ನಿಮ್ಮಪ್ಪನ ಕೈ ಇದೆ."

ಎಲ್ಲ ಹೇಳಿದೆ. ಗ್ಲೌಸು, ಹುರಿ, ಸೆಕೆ. ಪೂರ್ತಿ ಕೇಳಿಸಿಕೊಂಡಳು. ಹಿಂದೆ ಮಕ್ಕಳ ಗಲಾಟೆ. ಯಾವುದೋ ಬಾಗಿಲು ಹಾಕಿಕೊಂಡ ಸದ್ದು.

"ಯಾವ ಬೆರಳು?"

"ಹೆಬ್ಬೆರಳು ಒಂದು ಕಡೆ. ಉಳಿದ ನಾಲ್ಕೂ ಇನ್ನೊಂದು ಕಡೆ. ಗಾಯದ ಗೀಟೂ ಬಂದಿದೆ."

ಅತ್ತಳು. ನಾನು ಫೋನ್ ಹಿಡಿದು ಕೇಳಿಸಿಕೊಂಡೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಬೀರುವಿನ ಮೇಲಿನ ಖಾನೆಗೆ ಬೀಗ ಇದೆ. ತಗೊಂಡು ಬಾ" ಅಂದಳು. "ನಾನು ಮುಟ್ಟಿದ್ದಕ್ಕೆ ಅಷ್ಟು ಕೂಗಾಡಿದ್ರಲ್ಲಮ್ಮ, ಅಪ್ಪ."

ಮಾರ್ಚ್ 30, ಮಧ್ಯಾಹ್ನ

ಅಂಗಡಿ ಖಾಲಿ. ಮೊಳೆ ಕಿತ್ತಾಯಿತು. ಬೋರ್ಡು ಇಳಿಸಿಯಾಯಿತು. ಗಡಿಯಾರದವರು ಬೆಳಗಿನಿಂದ ಪೆಟ್ಟಿಗೆ ಹೊರುತ್ತಿದ್ದಾರೆ, ಬೇಡ ಅಂದರೂ ಕೇಳುವುದಿಲ್ಲ. ಉಳಿದದ್ದು ಕೌಂಟರು, ಸ್ಟೂಲು, ಈ ಪಾರ್ಸೆಲ್.

ಹೊರಡುವ ಮುಂಚೆ ಎಣ್ಣೆ ಹಾಕಿಬಿಡೋಣ ಅಂತ ಬಿಚ್ಚಿದೆ. ಒತ್ತಿದೆ, ಉಜ್ಜಲಿಲ್ಲ. ಮೇಜರ್ ಹೇಳಿದ್ದು ನಿಜ. ಕೆಂಪು ಹೋಗಿ ಕಪ್ಪಾಗುತ್ತಿದೆ. ಗೆರೆಯೆಲ್ಲ ಹಾಗೇ ಇದೆ.

ಆಮೇಲೆ ಗ್ಲೌಸು ತೆಗೆದೆ. ಇವರ ಬೆರಳು ಇದ್ದ ಕಡೆಯ ಪಕ್ಕದಲ್ಲೇ, ಇವರ ಹಾಗೆ ಅಲಗನ್ನು ಅವುಚಿ ಹಿಡಿದು ಎತ್ತಿದೆ. ಭಾರ. ತಣ್ಣಗಿದೆ. ಎಷ್ಟು ಭಾರ ಅಂತ ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಆ ಕೈಯಲ್ಲಿ ಇದನ್ನು ಹೇಗೆ ಎತ್ತಿದರೋ. ಎಷ್ಟು ಸಲ ಪ್ರಯತ್ನಪಟ್ಟರೋ. ನಾನು ಪಕ್ಕದಲ್ಲಿ ಹುರಿಗೆ ನಿಂತು ಗಡಿಯಾರದವರ ಹತ್ತಿರ ಹವೆಯ ಬಗ್ಗೆ ಮಾತಾಡುತ್ತಿದ್ದೆ.

ನನ್ನದು ಒಣಗೈ. ಇಲ್ಲಿ ಏನೂ ಮೂಡುವುದಿಲ್ಲ, ಗೊತ್ತು. ಆದರೂ ಹಿಡಿದೆ.

ಕೌಂಟರಿನ ಮೇಲೆ ಇಟ್ಟು ಪಕ್ಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೊರಗಿನಿಂದ ಗಡಿಯಾರದವರು — "ಅಮ್ಮಾ, ಗಾಡಿ ಬಂತು. ಆಯ್ತಾ?" ಬಂದೆ ಅಂದೆ, ಎದ್ದಿಲ್ಲ.

ಅಲಗಿನ ಮೇಲೆ ಒಂದು ಹನಿ ಬಿತ್ತು. ಈಗ ಇನ್ನೊಂದು. ಕಾಗದದ ಮೇಲೂ. ಉಪ್ಪು ನೀರು ಬಿದ್ದರೆ ಆ ಕ್ಷಣವೇ ಒರೆಸಬೇಕು, ಇಲ್ಲವಾದರೆ ತುಕ್ಕೇಳುತ್ತದೆ. ಇವರಿದ್ದಿದ್ದರೆ ಕೂಗಾಡುತ್ತಿದ್ದರು. ಬಟ್ಟೆ ಪಕ್ಕದಲ್ಲೇ ಇದೆ. ಒರೆಸುತ್ತೇನೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು.